ಹುಳು ಜ್ವರಕ್ಕೆ ಕೂತಾಗ ಕೈ ಕಟ್ಟಿ ಕೂರಿ: ಮನೆಯಲ್ಲಿ ರೇಷ್ಮೆ ಹುಳು ಸಾಕುವ ಬಗೆ

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. ಕೈಯಲ್ಲಿ ಶೂ ಡಬ್ಬಿ. "ಅಣ್ಣಾ, ಹುಳ ಎಲ್ಲಾ ಹೋಗ್ಬಿಟ್ವು. ನಿನ್ನೆಯಿಂದ ಒಂದೂ ಅಲ್ಲಾಡ್ತಿಲ್ಲ. ಮಗಳು ಅಳ್ತಾ ಕೂತಿದ್ದಾಳೆ." ತೆರೆದು ನೋಡಿದೆ. ತಂದಿದ್ದು 40, ಉಳಿದಿದ್ದು 11. ಮಿಕ್ಕವು ರಾತ್ರಿಯೇ ಹಸಿ ಕಸದ ಬುಟ್ಟಿ ಸೇರಿದ್ದವು. ಆ ಹನ್ನೊಂದೂ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿದ್ದವು. ಸತ್ತಿರಲಿಲ್ಲ. ಜ್ವರಕ್ಕೆ ಕೂತಿದ್ದವು, ಅಷ್ಟೇ.

ಚನ್ನಪಟ್ಟಣ, ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಮೊಟ್ಟೆಯೊಡೆದು ಬಂದಾಗಿನಿಂದ ಗೂಡು ಕಟ್ಟುವುದರೊಳಗೆ ನಾಲ್ಕು ಜ್ವರ. ಮಕ್ಕಳಿಗೆ ಖುಷಿಯಾಗಲಿ ಅಂತ ಊರಿಂದ ಹುಳು ತರುವವರು ಈಗ ಜಾಸ್ತಿಯಾಗಿದ್ದಾರೆ. ಬಹಳ ಮಂದಿ ಎಡವುವುದು ಈ ಜ್ವರದಲ್ಲೇ. ಮಿಕ್ಕಿದ್ದೆಲ್ಲ ಸುಲಭ.

ಮೊದಲು ಗಿಡ, ಆಮೇಲೆ ಹುಳು

ಹುಳು ತರುವ ಮುಂಚೆ ಹಿಪ್ಪುನೇರಳೆ ಗಿಡ ಎಲ್ಲಿದೆ ಅಂತ ನೋಡಿಕೊಳ್ಳಿ. ಒಂದು ಹುಳು ಜೀವಮಾನವೆಲ್ಲ ಸೇರಿ ತಿನ್ನುವುದು 20ರಿಂದ 25 ಗ್ರಾಂ ಸೊಪ್ಪು. 50 ಹುಳುವಿಗೆ ಒಂದೂಕಾಲು ಕೆ.ಜಿ. ಬಾಡಿದ್ದು, ಬಿಟ್ಟಿದ್ದು ಸೇರಿಸಿ ಎರಡು ಕೆ.ಜಿ. ಅಂದುಕೊಳ್ಳಿ. ಇಷ್ಟೇನಾ ಅನ್ನಿಸಬಹುದು. ಆದರೆ ಇದರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಪಾಲು ಕೊನೆಯ ಒಂದು ವಾರಕ್ಕೇ ಬೇಕು. ಮೊದಮೊದಲು ಕುಂಡದ ಗಿಡದಲ್ಲೇ ಸಾಗುತ್ತದೆ. ಆಮೇಲೆ ಅಪ್ಪಂದಿರು ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಪಾರ್ಕಿನ ಬೇಲಿ ಸುತ್ತುತ್ತಾರೆ. ಮೊದಲ ಸಲಕ್ಕೆ 50 ಸಾಕು. 200 ತರಬೇಡಿ.

ಎಲೆಕೋಸು, ಪಾಲಕ್ ಹಾಕಿದರೂ ನಡೆಯುತ್ತೆ ಅನ್ನುವವರ ಮಾತು ಕೇಳಬೇಡಿ. ನಾನೂ ಒಮ್ಮೆ ಆನ್‌ಲೈನ್‌ನಲ್ಲಿ ಹುಳುವಿನ ಆಹಾರದ ಪುಡಿ ತರಿಸಿ ಕಲಸಿ ಇಟ್ಟಿದ್ದೆ. ಸೊಪ್ಪು ತಿಂದು ರೂಢಿಯಾದ ಹುಳುಗಳು ಅದನ್ನು ಮೂಸಿಯೂ ನೋಡಲಿಲ್ಲ. ಮೂರನೇ ದಿನಕ್ಕೆ ಬೂಷ್ಟು ಹಿಡಿಯಿತು.

ಮೊಟ್ಟೆಯಿಂದ ಶುರು ಮಾಡುವ ಹುಮ್ಮಸ್ಸು ಬೇಡ. ಆಗತಾನೆ ಹೊರಬಂದ ಹುಳು 3 ಮಿಲಿಮೀಟರ್ ಉದ್ದ, ಕಪ್ಪು ಇರುವೆಯ ಹಾಗಿರುತ್ತದೆ. ಅದಕ್ಕೆ 27-28 ಡಿಗ್ರಿ ಬಿಸಿ, ಒಳ್ಳೆ ತೇವ, ಸಣ್ಣಗೆ ಹೆಚ್ಚಿದ ಎಳೆ ಸೊಪ್ಪು ಬೇಕು. ಆ ತಲೆನೋವು ಎಳೇ ಹುಳು ಸಾಕಿ ಕೊಡುವ ಚಾಕಿ ಸೆಂಟರ್‌ನವರಿಗೇ ಇರಲಿ. ಎರಡನೇ ಜ್ವರ ಎದ್ದ ಹುಳು ಕೇಳಿ ತನ್ನಿ. ಆಗ ನಿಮ್ಮ ಪಾಲಿಗೆ ಉಳಿಯುವುದು ಎರಡೇ ಜ್ವರ.

ಡಬ್ಬಿ

ಅಗಲವಾದ ರಟ್ಟಿನ ಡಬ್ಬಿ ಅಥವಾ ಮೊರ, ಮೇಲೆ ಸೊಳ್ಳೆ ಪರದೆಯ ಬಟ್ಟೆ. ಮುಚ್ಚಳಕ್ಕೆ ನಾಲ್ಕು ತೂತು ಮಾಡಿದರೆ ಸಾಕು ಅಂದುಕೊಳ್ಳಬೇಡಿ, ಒಳಗೆ ಸೆಕೆಯಾಗುತ್ತದೆ. ಪರದೆ ಇರುವುದು ಬರೀ ಹಲ್ಲಿಗಲ್ಲ, ಊಜಿ ನೊಣಕ್ಕೂ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ತೂರಿದ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟರೆ ಇರುವೆ ಬರುವುದಿಲ್ಲ.

ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಮೆಷಿನ್, ಜಿರಲೆ ಸ್ಪ್ರೇ ಯಾವುದೂ ಬೇಡ. "ನ್ಯಾಚುರಲ್" ಅಂತ ಬರೆದಿದ್ದರೂ ಬೇಡ. ಹುಳುವೂ ಕೀಟವೇ ಅಲ್ವಾ?

ಸೊಪ್ಪು ಹಾಕುವುದು

ದಿನಕ್ಕೆ ಮೂರು ಸಲ, ಕೊನೆಯ ವಾರದಲ್ಲಿ ನಾಲ್ಕು ಸಲ. ರಾತ್ರಿಯದ್ದು ಸ್ವಲ್ಪ ಜಾಸ್ತಿ ಇರಲಿ. ನೀರು ಇಡಬೇಕಿಲ್ಲ, ಸೊಪ್ಪಿನಲ್ಲಿರುವ ನೀರೇ ಸಾಕು. ಬಿಸಿಲೇರುವ ಮುಂಚೆ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿಡಿ. ರಸ್ತೆ ಬದಿಯ ಗಿಡವಾದರೆ ತೊಳೆದು ಪೂರ್ತಿ ಒರೆಸಿ. ಒದ್ದೆ ಸೊಪ್ಪು ಹಾಕಿದರೆ ಹುಳು ಭೇದಿಗೆ ಬೀಳುತ್ತದೆ. ಔಷಧಿ ಹೊಡೆದ ತೋಟದ ಪಕ್ಕದ ಸೊಪ್ಪನ್ನು ತೊಳೆದರೂ ಹಾಕಬೇಡಿ.

ಹಿಕ್ಕೆ ತೆಗೆಯಲು ಹುಳುಗಳನ್ನು ಒಂದೊಂದಾಗಿ ಎತ್ತಬೇಕಿಲ್ಲ. ದೊಡ್ಡ ಕಣ್ಣಿನ ಬಲೆಯೊಂದನ್ನು ಮೇಲೆ ಹಾಸಿ, ಅದರ ಮೇಲೆ ಹೊಸ ಸೊಪ್ಪು ಹಾಕಿ. ಅರ್ಧ ಗಂಟೆಯಲ್ಲಿ ಹುಳುಗಳೇ ಹತ್ತಿ ಬರುತ್ತವೆ. ಬಲೆ ಎತ್ತಿ, ಕೆಳಗಿನ ಕಸ ಎಸೆಯಿರಿ.

ಜ್ವರ

ಇಲ್ಲಿಂದ ನಿಧಾನವಾಗಿ ಓದಿ.

ಜ್ವರ ಬರುವ ಹಿಂದಿನ ದಿನವೇ ಸುಳಿವು ಸಿಗುತ್ತದೆ. ಹುಳು ತಿನ್ನುವುದು ಕಡಿಮೆಯಾಗುತ್ತದೆ. ಮೈ ಬಿಗಿದು, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಮೈ ದಪ್ಪ, ಮೂತಿ ಮಾತ್ರ ಪುಟ್ಟದು. ಆಮೇಲೆ ಒಂದು ಕಡೆ ನಿಂತು, ಮುಂಭಾಗ ಎತ್ತಿ, ಅಲ್ಲಾಡುವುದನ್ನೇ ಬಿಡುತ್ತದೆ. ಭೂತಕನ್ನಡಿ ಇದ್ದರೆ ಮೂತಿಯ ಹಿಂದುಗಡೆ ನೋಡಿ. ಚರ್ಮದ ಅಡಿಯಲ್ಲಿ ಕಂದು ಬಣ್ಣದ ಚಿಕ್ಕ ತ್ರಿಕೋನ ಕಾಣುತ್ತದೆ. ಅದು ಒಳಗೆ ತಯಾರಾಗುತ್ತಿರುವ ಹೊಸ ತಲೆ. ಅದು ಕಂಡರೆ ಜ್ವರ ಅಂತ ಗ್ಯಾರಂಟಿ.

ಹೀಗೆ ಕೂತ ಹುಳುವನ್ನು ಮುಟ್ಟಬಾರದು. ಎತ್ತಬಾರದು, ಬೆರಳಿಂದ ತಿವಿಯಬಾರದು, ಫೋಟೋಗೆ ಅಂತ ಅಂಗೈ ಮೇಲೆ ಇಟ್ಟುಕೊಳ್ಳಬಾರದು. ಕೂರುವ ಮುಂಚೆ ಹುಳು ಕೆಳಗಿನ ಎಲೆಗೆ ಸಣ್ಣ ನೂಲು ಹಾಕಿ ಹಿಂಗಾಲುಗಳನ್ನು ಅದಕ್ಕೆ ಸಿಕ್ಕಿಸಿಕೊಂಡಿರುತ್ತದೆ. ಮಗುವಿನ ಒದ್ದೆ ಪ್ಯಾಂಟ್ ಬಿಚ್ಚುವಾಗ ಕೆಳಗಿನ ತುದಿಯನ್ನು ಯಾರಾದರೂ ಹಿಡಿದುಕೊಂಡರೆ ಸಲೀಸಾಗಿ ಬರುತ್ತದೆ ಅಲ್ವಾ? ಆ ನೂಲು ಮಾಡುವುದು ಅದೇ ಕೆಲಸ. ಹಳೇ ಪೊರೆ ನೂಲಿಗೆ ಅಂಟಿ ನಿಲ್ಲುತ್ತದೆ, ಹುಳು ಅದರೊಳಗಿಂದ ಮುಂದಕ್ಕೆ ತೆವಳಿ ಹೊರಗೆ ಬರುತ್ತದೆ. ನೀವು ಎತ್ತಿದಿರೋ, ನೂಲು ಕಿತ್ತಿತು. ಪೊರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಚಿಮಟ ತಂದು ಎಳೆಯಲು ಹೋದರೆ ಎಳೇ ಚರ್ಮ ಹರಿಯುತ್ತದೆ.

ಹತ್ತರಲ್ಲಿ ಒಂಬತ್ತು ಕೂತವು ಅಂದ ಕೂಡಲೇ ಸೊಪ್ಪು ನಿಲ್ಲಿಸಿ. ಇನ್ನೂ ತಿನ್ನುತ್ತಿರುವ ಒಂದೆರಡನ್ನು ಅವು ಕೂತ ಎಲೆಯ ಸಮೇತ ಬೇರೆ ಡಬ್ಬಿಗೆ ಹಾಕಿ. "ಪಾಪ, ಹಸಿದಿರುತ್ತೆ" ಅಂತ ಮೇಲೆ ಸೊಪ್ಪು ಸುರಿಯುವವರೇ ಜಾಸ್ತಿ. ಹುಳುಗಳು ಸೊಪ್ಪಿನಡಿ ಹೂತುಹೋಗುತ್ತವೆ, ತೇವ ನಿಲ್ಲುತ್ತದೆ, ರೋಗ ಬರುತ್ತದೆ. ನಾನು ಚಿಕ್ಕವನಿದ್ದಾಗ ಹುಳು ಮನೆಯಲ್ಲಿ ಹೀಗೇ ಒಂದು ಹಿಡಿ ಸೊಪ್ಪು ಹಾಕಿ ಬೈಸಿಕೊಂಡಿದ್ದೆ. "ಜ್ವರ ಬಂದು ಮಲಗಿರೋ ಮಗೂನ ಎಬ್ಬಿಸಿ ಮುದ್ದೆ ತಿನ್ನು ಅಂತೀಯೇನೋ?" ಅಂದಿದ್ದಳು ಅವ್ವ.

ಹಾಸಿಗೆ ಒಣಗಲಿ, ಗಾಳಿ ಆಡಲಿ. ತೇವ ಜಾಸ್ತಿ ಅನ್ನಿಸಿದರೆ ಚೆನ್ನಾಗಿ ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಬಟ್ಟೆಯಲ್ಲಿ ಉದುರಿಸಬಹುದು. ಫ್ಯಾನ್ ನೇರವಾಗಿ ಬಡಿಯಬಾರದು.

ಆಮೇಲೆ ಕಾಯಿರಿ. ಮೂರನೇ ಜ್ವರ ಹೆಚ್ಚುಕಮ್ಮಿ ಒಂದು ದಿನ. ನಾಲ್ಕನೆಯದು ಉದ್ದ, ಒಂದೂವರೆ ದಿನದವರೆಗೂ ಹೋಗುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಎರಡು ದಿನವಾದರೂ ಗಾಬರಿ ಬೇಡ.

ಏಳುವುದನ್ನು ನೋಡುವ ಅದೃಷ್ಟ ಸಿಕ್ಕರೆ ಬಿಡಬೇಡಿ. ಮೈಯಲ್ಲಿ ಅಲೆ ಎದ್ದ ಹಾಗೆ ಆಗುತ್ತದೆ. ತಲೆಯ ಹಿಂದೆ ಪೊರೆ ಬಿರಿಯುತ್ತದೆ. ಹುಳು ಮುಂದೆ ಸರಿದಂತೆಲ್ಲ ಪೊರೆ ಕಾಲ್ಚೀಲದ ಹಾಗೆ ಹಿಂದಕ್ಕೆ ಮುದುಡಿಕೊಳ್ಳುತ್ತದೆ. ಹಳೇ ಮೂತಿ ಮೊದಲಿಗೆ ಮುಖವಾಡದ ಹಾಗೆ ಅಂಟಿಕೊಂಡೇ ಇದ್ದು, ಆಮೇಲೆ ಟಪ್ ಅಂತ ಉದುರುತ್ತದೆ. ಎದ್ದ ಹುಳುವಿನ ಮೂತಿ ದೊಡ್ಡದು. ಮೈ ಮಾತ್ರ ಮಂಕು, ಅಣ್ಣನ ಅಂಗಿ ಹಾಕಿಕೊಂಡ ತಮ್ಮನ ಹಾಗೆ ಚರ್ಮ ಸಡಿಲ. ಅದನ್ನು ತುಂಬಿಸಿಕೊಳ್ಳಲೇ ಮುಂದೆ ಅಷ್ಟೊಂದು ತಿನ್ನುವುದು.

ಎರಡನೇ ತಪ್ಪು ಆಗುವುದು ಈಗ. ಮೊದಲು ಎದ್ದ ಐದಾರು ಹುಳುಗಳು ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತವೆ. ಮಕ್ಕಳು ಕರಗಿಹೋಗುತ್ತಾರೆ. ಆಗಲೂ ಹಾಕಬೇಡಿ. ನೂರಕ್ಕೆ 95 ಏಳಲಿ. ಎದ್ದವು ಕೆಲವು ಗಂಟೆ ಹಸಿದಿದ್ದರೆ ಏನೂ ಆಗುವುದಿಲ್ಲ. ಅವಸರಪಟ್ಟರೆ ಹುಳುಗಳಲ್ಲಿ ಹಿಂದುಮುಂದಾಗಿ, ಕೊನೆಗೆ ಕೆಲವು ಗೂಡು ಕಟ್ಟುತ್ತಿರುವಾಗ ಇನ್ನು ಕೆಲವು ಸೊಪ್ಪು ಕೇಳುತ್ತಿರುತ್ತವೆ. ಎಲ್ಲ ಎದ್ದ ಮೇಲೆ ಮೊದಲ ಊಟಕ್ಕೆ ಮೆತ್ತಗಿನ ಸೊಪ್ಪು ಹಾಕಿ.

ಒಂದು ಎಚ್ಚರಿಕೆ. ಮೈ ಹೊಳೆಯುವುದೆಲ್ಲ ಜ್ವರವಲ್ಲ. ಜ್ವರದ ಹುಳು ಕೂತಲ್ಲೇ ಕೂತಿರುತ್ತದೆ. ಮೈ ಹೊಳೆಯುತ್ತಾ, ಗಿಣ್ಣು ಗಿಣ್ಣು ಉಬ್ಬಿ, ಡಬ್ಬಿಯ ಅಂಚಿನಲ್ಲಿ ಸುಮ್ನೆ ಸುತ್ತುತ್ತಿದ್ದರೆ ಅದು ಹಾಲು ರೋಗ. ಮೈ ಒಡೆದರೆ ಹಾಲಿನಂಥ ರಸ ಸೋರಿ, ಉಳಿದವಕ್ಕೂ ಅಂಟುತ್ತದೆ. ಅಂಥದ್ದನ್ನು ಕಡ್ಡಿಯಿಂದ ತೆಗೆದು ದೂರ ಹೂತುಬಿಡಿ, ಕೈ ಸೋಪಿನಲ್ಲಿ ತೊಳೆದುಕೊಳ್ಳಿ.

ಹಣ್ಣಾದ ಮೇಲೆ

ನಾಲ್ಕನೇ ಜ್ವರ ಎದ್ದು ಏಳೆಂಟು ದಿನಕ್ಕೆ ಹುಳು ಹಣ್ಣಾಗುತ್ತದೆ. ತಿನ್ನುವುದು ನಿಲ್ಲಿಸಿ, ಮೈ ಕುಗ್ಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ಊರಲ್ಲಾದರೆ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುತ್ತಾರೆ. ಮನೆಯಲ್ಲಿ ಮೊಟ್ಟೆ ಟ್ರೇ ಸಾಕು, ಒಂದು ಕುಳಿಗೆ ಒಂದು ಹುಳು. ಉಚ್ಚೆ ಹೊಯ್ಯುತ್ತವೆ, ಕೆಳಗೆ ಪೇಪರ್ ಹಾಸಿ. ಎರಡು ಮೂರು ದಿನ ಟ್ರೇ ಅಲ್ಲಾಡಿಸಬೇಡಿ.

ಗೂಡಿನ ನೂಲು ಬೇಕಿದ್ದರೆ ಗೂಡನ್ನು ಒಳಗಿನ ಹುಳುವಿನ ಸಮೇತ ಬಿಸಿನೀರಿಗೆ ಹಾಕಬೇಕು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಹಾಕದಿದ್ದರೆ ಸುಮಾರು ಹತ್ತು ಹನ್ನೆರಡು ದಿನಕ್ಕೆ ಗೂಡು ತೂತು ಮಾಡಿಕೊಂಡು ಬಿಳಿ ಚಿಟ್ಟೆ ಬರುತ್ತದೆ. ಅದು ಹಾರುವುದೂ ಇಲ್ಲ, ತಿನ್ನುವುದೂ ಇಲ್ಲ. ಒಂದೊಂದು ಹೆಣ್ಣು ಇಡುವುದು 400ರಿಂದ 500 ಮೊಟ್ಟೆ. ಅಷ್ಟು ಹುಳುವಿಗೆ ಸೊಪ್ಪಿಲ್ಲ ಅಂದರೆ ಚಿಟ್ಟೆ ಬಂದ ತಕ್ಷಣ ಗಂಡು ಹೆಣ್ಣು ಬೇರೆ ಮಾಡಿ. ದಪ್ಪ ಹೊಟ್ಟೆಯದ್ದು ಹೆಣ್ಣು, ರೆಕ್ಕೆ ಪಟಪಟ ಬಡಿಯುತ್ತಾ ಸುತ್ತು ಹೊಡೆಯುವುದು ಗಂಡು.

ಪಕ್ಕದ ಮನೆಯ ಹನ್ನೊಂದರಲ್ಲಿ ಒಂಬತ್ತು ಗೂಡು ಕಟ್ಟಿದವು. ಮಗಳು ಒಂದನ್ನೂ ಬಿಸಿನೀರಿಗೆ ಹಾಕಲು ಬಿಡಲಿಲ್ಲ. ಬೇರೆ ಮಾಡಿ ಅಂತ ನಾನು ಹೇಳುವುದು ತಡವಾಯಿತು. ಒಂದು ಸಂಜೆ ಹೋಗಿ ನೋಡಿದರೆ, ಟೇಬಲ್ ಮೇಲಿನ ಪೇಪರ್ ತುಂಬಾ ಗಸಗಸೆ ಚೆಲ್ಲಿದ ಹಾಗೆ ಮೊಟ್ಟೆ. "ಅಂಕಲ್, ನಿಮ್ಮ ಟೆರೇಸ್ ಮೇಲಿನ ಕುಂಡದಲ್ಲಿ ಎಷ್ಟು ಎಲೆ ಇದೆ?" ಅಂತ ಕೇಳಿದಳು.