ಗುಳಿಗೆ ಮೊದಲು, ಒಪ್ಪಿಗೆ ಆಮೇಲೆ: ದೇವದುರ್ಗ, ಲಿಂಗಸುಗೂರು ತಾಂಡಾಗಳಲ್ಲಿ ಮಾಡಿ ನೋಡಿದ್ದು

"ಇಷ್ಟೆಲ್ಲ ಬಿಡಿಸಿ ಹೇಳಿದ್ರ ಒಬ್ರೂ ಹೂಂ ಅನ್ನಂಗಿಲ್ಲ ಬಿಡ್ರಿ." ರಾಯಚೂರು ಜಿಲ್ಲೆಯ ಈ ತಾಂಡಾಗಳಲ್ಲಿ ಮನೆಮನೆಗೆ ಬಿಪಿ, ಸಕ್ಕರೆ ಗುಳಿಗೆ ಕೊಡಲು ಹೋದಾಗ, ಅವರ ಆರೋಗ್ಯದ ಲೆಕ್ಕವನ್ನು ಟ್ಯಾಬಿಗೆ ಹಾಕಿಕೊಳ್ಳಲು ಒಪ್ಪಿಗೆ ಕೇಳಬೇಕಾಗುತ್ತದೆ. ಆ ಒಪ್ಪಿಗೆಯನ್ನು ಮೂರು ಪ್ರಶ್ನೆಯಾಗಿ ಒಡೆದು ಕೇಳೋಣ ಅಂದಾಗ ಮೇಲಿನವರೂ ಇದನ್ನೇ ಹೇಳಿದರು, ಟ್ಯಾಬ್ ಹಿಡಿದು ಓಡಾಡುವವರೂ ಇದನ್ನೇ ಹೇಳಿದರು. ಈಗಿನ ಲೆಕ್ಕ ಸುಮಾರಾಗಿ ಹೀಗಿದೆ: ಹತ್ತರಲ್ಲಿ ಎಂಟು ಮನೆ ದಾಖಲೆಗೆ ಒಪ್ಪುತ್ತವೆ, ಆರು ಮನೆ ನೆನಪಿಸುವ ಫೋನ್ ಕರೆಗೆ, ದಾಖಲೆಯನ್ನು ಬೇರೆ ದವಾಖಾನೆಗೆ ತೋರಿಸಲು ಎರಡೋ ಮೂರೋ. ಕರೆಗೆ ಒಪ್ಪಿದವರಲ್ಲಿ ಮುಕ್ಕಾಲು ಪಾಲು ಕೊನೆಯವರೆಗೆ ಕೇಳುತ್ತಾರೆ. ಸಿಕ್ಕವರ ಹೆಬ್ಬೆಟ್ಟು ಒತ್ತಿಸಿಕೊಂಡು ಎಲ್ಲರಿಗೂ ಕರೆ ಹೋಗುತ್ತಿದ್ದ ಕಾಲದಲ್ಲಿ ಕಾಲು ಪಾಲೂ ಎತ್ತುತ್ತಿರಲಿಲ್ಲ.

ಮೊದಲು ಕೆಡಿಸಿದ್ದು ದುಡ್ಡು. ತುಂಬಿದ ಫಾರ್ಮಿಗೆ ಇಷ್ಟು ಅಂತ ಆಶಾ ಅಕ್ಕಂದಿರಿಗೆ ಕೊಟ್ಟರೆ ನೂರಕ್ಕೆ ನೂರು ಒಪ್ಪಿಗೆ ಬರುತ್ತದೆ. ಗುಳೆ ಹೋಗಿ ಬೀಗ ಹಾಕಿದ ಮನೆಗಳಿಂದಲೂ ಬಂದಿತ್ತು! ಈಗ ಕೊಡುವುದು ಕೂತು ಮಾತಾಡಿದ್ದಕ್ಕೆ. ಮನೆಗೆ ರೂ. 30ರ ಹತ್ತಿರ, ಬೇಡ ಅಂದರೂ ಅಷ್ಟೇ. ಯಾವ ಆಶಾ ಅಕ್ಕನ ಪಟ್ಟಿಯಲ್ಲಿ ಒಂದೂ 'ಬೇಡ' ಇಲ್ಲವೋ ಅವರ ನಾಲ್ಕೈದು ಮನೆಗೆ ಮತ್ತೊಬ್ಬರು ಹೋಗಿ ಕೇಳಿ ಬರುತ್ತಾರೆ.

ಕೇಳುವ ಕ್ರಮವೇ ಇಲ್ಲಿ ಮುಖ್ಯ. ಗುಳಿಗೆ ಚೀಟಿ ನಮ್ಮ ಕೈಯಲ್ಲಿರುವಾಗ ಕೇಳಿದರೆ ಅವರು ಹೂಂ ಅನ್ನುವುದು ಗುಳಿಗೆಗೆ. ಆದ್ದರಿಂದ ತಿಂಗಳ ಗುಳಿಗೆ ಎಣಿಸಿ ಕೊಟ್ಟು, ಅವರು ಅದನ್ನು ಒಳಗಿಟ್ಟು ಬಂದ ಮೇಲೆ ಬಾಯಿ ತೆರೆಯಬೇಕು. "ನಿನ್ನ ಬಿಪಿ, ಸಕ್ಕರಿ ಲೆಕ್ಕ ಇದರಾಗ ಬರಕೊಳ್ಳಲೇನವಾ? ಗುಳಿಗಿ ಮುಗಿಯೋ ಹೊತ್ತಿಗೆ ಫೋನ್ ಮಾಡಲೇನು? ಬ್ಯಾರೆ ದವಾಖಾನಿಯವರು ಕೇಳಿದ್ರ ತೋರಸಲೇನು?" ಒಂದೊಂದಕ್ಕೂ ಬೇರೆ ಉತ್ತರ, ಬೇರೆ ಗುರುತು. ಆಮೇಲೆ, "ನಾ ಏನು ಕೇಳಿದೆ ಅಂತ ನಿಮ್ಮ ಸೊಸಿಗೆ ಹೇಳ್ರಿ." "ಗೃಹಲಕ್ಷ್ಮಿ ರೊಕ್ಕದ ಸಲುವಾಗಿ ಬಂದಾರ" ಅಂತ ಅತ್ತೆ ಹೇಳಿದರೆ ಎಲ್ಲ ಗುರುತು ಅಳಿಸಿ ಮೊದಲಿನಿಂದ ಶುರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಒಪ್ಪಿಗೆಯ ಸೂಚನೆ ಓದುವ ಅವಕಾಶ ಇರಬೇಕು. ಕನ್ನಡ, ತೆಲುಗು, ಉರ್ದು ಅದರಲ್ಲಿವೆ, ಲಂಬಾಣಿ ಇಲ್ಲ. ತಾಂಡಾದ ಮುದುಕಿಯರಿಗೆ ಬೇಕಿರುವುದೇ ಅದು. ಅಲ್ಲಿಯ ಹೆಣ್ಣುಮಗಳಿಂದಲೇ ಲಂಬಾಣಿಯಲ್ಲಿ ಮಾತಾಡಿಸಿ ಟ್ಯಾಬಿಗೆ ಹಾಕಿಕೊಂಡಿದ್ದೇವೆ.

ಫೋನ್ ನಂಬರ್ ಕೇಳಿದರೆ ಮಗನದ್ದೋ, ರೀಚಾರ್ಜ್ ಅಂಗಡಿಯವನದ್ದೋ ಸಿಗುತ್ತದೆ. ಕೇಳಬೇಕಾದ್ದು, ಫೋನು ಹಗಲು ಯಾರ ಕೈಯಾಗ, ರಾತ್ರಿ ಯಾರ ಕೈಯಾಗ ಇರ್ತದ ಅಂತ. ರೀಚಾರ್ಜ್ ಯಾವಾಗ ಮುಗಿಯುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. 28 ದಿನದ ಪ್ಯಾಕ್ ತೀರಿ ಸ್ವಲ್ಪ ದಿನಕ್ಕೆ ಒಳಬರುವ ಕರೆಯೂ ನಿಲ್ಲುತ್ತದೆ, ನಮ್ಮ ಪಟ್ಟಿಯಲ್ಲಿ ಮಾತ್ರ ಆ ಮನೆಯವರು 'ಸ್ಪಂದಿಸಿಲ್ಲ' ಅಂತ ಬೀಳುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಟ್ರೂಕಾಲರ್, ಅಂದರೆ ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್. ಒಂದಿಷ್ಟು ಜನ ನಿಮ್ಮ ನಂಬರನ್ನು 'ಟಿಬಿ ಆಫೀಸ್' ಅಂತ ಸೇವ್ ಮಾಡಿಕೊಂಡರೆ, ಗಂಡನ ಫೋನಿನ ಪರದೆ ಮೇಲೂ ಅದೇ ಹೆಸರು ಬರಬಹುದು. ಕರೆಯ ದನಿಯಲ್ಲಿ ರೋಗದ ಹೆಸರು ಹೇಳದಿದ್ದರೂ ಅಷ್ಟಕ್ಕೇ ಗುಟ್ಟು ಬಯಲು. ಅದಕ್ಕೇ ಬಿಪಿ, ಬಾಣಂತಿ, ಟಿಬಿ ಎಲ್ಲಕ್ಕೂ ಒಂದೇ ನಂಬರ್, ಒಂದೇ ಮಾತು: "ಮಂಗಳವಾರ ಉಪಕೇಂದ್ರದಾಗ ಸಿಸ್ಟರ್ ಕೂಡ್ತಾರ, ಕಾರ್ಡ್ ತಗೊಂಡು ಬರ್ರಿ." ಇಪ್ಪತ್ತು ಸೆಕೆಂಡಿನೊಳಗೆ ಮುಗಿಯಬೇಕು. ನಲವತ್ತಕ್ಕೆ ಹೋದರೆ ಅರ್ಧದಲ್ಲೇ ಕಟ್. ಎಚ್‌ಐವಿ ಸಂಗತಿಯನ್ನು ಈ ಟ್ಯಾಬಿಗೆ ತರುವುದೇ ಇಲ್ಲ, 2017ರ ಕಾಯ್ದೆ ಅದಕ್ಕೆ ಬೇರೆಯೇ ಬಿಗಿ ಹಾಕಿದೆ. ಫೋನು ಹೆಣ್ಣುಮಕ್ಕಳ ಕೈಗೆ ಬರುವ ಹೊತ್ತನ್ನು ಹೇಗೆ ಗೊತ್ತು ಮಾಡಿಕೊಳ್ಳುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಗಂಡಂದಿರೂ ಓದುತ್ತಾರೆ.

ಇನ್ನು ಆಭಾ ಸಂಖ್ಯೆ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯದು) ಮಾಡಿಸುವಾಗ ಬರುವ ಓಟಿಪಿ. "ಒಟಿಪಿ ಬಂತೇನು, ಹೇಳವಾ" ಅಂತ ಮನೆಮನೆಗೆ ಕೇಳುತ್ತ ಹೋದರೆ ನಾಳೆ ಬರುವ ಕಳ್ಳನಿಗೆ ನಾವೇ ದಾರಿ ಹಾಕಿಕೊಟ್ಟ ಹಾಗೆ. ಟ್ಯಾಬನ್ನು ಅವರ ಕೈಗೆ ಕೊಟ್ಟು ಅವರಿಂದಲೇ ಒತ್ತಿಸಬೇಕು, ಆ ಹೊತ್ತಿಗೆ ನಾವು ಬೇರೆ ಕಡೆ ನೋಡಬೇಕು. ಮನೆಗೆ ಮೂರು ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ. ಆಧಾರ್‌ಗೆ ಜೋಡಿಸಿದ ಸಿಮ್ ಬೆಂಗಳೂರಿನಲ್ಲಿ ಮಗನ ಹತ್ತಿರ ಇದ್ದರೆ ಅವನಿಗೆ ಫೋನ್ ಹಚ್ಚಿ ಸಂಖ್ಯೆ ತರಿಸುವ ಗೋಜು ಬೇಡ. 14 ಅಂಕಿಯ ಆಭಾ ಸಂಖ್ಯೆ ಸ್ವಇಚ್ಛೆಯದು, ನಾವು ಕೊಡುವ ಕಾಗದದ ಕಾರ್ಡಿನ ನಂಬರಿಗೇ ಕೆಲಸ ನಡೆಯುತ್ತದೆ.

ನಡುವೆ, ಒಬ್ಬರ ದಾಖಲೆ ಇನ್ನೊಬ್ಬರದಕ್ಕೆ ಸೇರದಂತೆ ನೋಡುವ ಒಂದು ಬೇರೆ ಪ್ರಯೋಗವೂ ನಡೆಯಿತು. ಒಂದೇ ಊರಲ್ಲಿ ಹುಲಿಗೆಮ್ಮ ಆರೇಳು ಜನ, ಆಧಾರ್‌ನಲ್ಲಿ ಹಲವರ ಹುಟ್ಟಿದ ದಿನ ಜನವರಿ 1. ಹೆಸರು, ವಯಸ್ಸು ನೋಡಿ ಜೋಡಿಸಿದರೆ ಒಬ್ಬರ ಹಿಮೋಗ್ಲೋಬಿನ್ ಇನ್ನೊಬ್ಬರ ಖಾತೆಗೆ ಹೋಗಿ ಕೂರುತ್ತದೆ, ರಕ್ತ ಕಡಿಮೆ ಇದ್ದವರ ಹೆಸರು ಪಟ್ಟಿಯಿಂದಲೇ ಮಾಯ. ಗಂಡನ ಹೆಸರು ಸೇರಿಸಿದರೂ ಗೊಂದಲ ತಪ್ಪಲಿಲ್ಲ. ತವರೂರು ಕೇಳಿ ಬರೆದ ಮೇಲೆ ಹೆಚ್ಚುಕಡಿಮೆ ಪೂರ್ತಿ ಬಗೆಹರಿಯಿತು. ಕಾರ್ಡಿಗೆ ಕ್ಯೂಆರ್ ಸ್ಟಿಕ್ಕರ್ ಕೂಡ ಅಂಟಿಸಿ ನೋಡಿದೆವು. ಎಣ್ಣೆ, ಅರಿಶಿನದ ಕೈ ತಾಗಿ ಎರಡೇ ತಿಂಗಳಲ್ಲಿ ಓದದಂತಾದವು. ಮೇಲೆ ಅಗಲದ ಪಾರದರ್ಶಕ ಟೇಪ್ ಹಚ್ಚಿದರೆ ವರ್ಷ ಬಾಳಿಕೆ. ಒಳಗೆ ಬರೀ ಸಂಖ್ಯೆ ಇರಬೇಕು, ಹೆಸರಾಗಲಿ ಕಾಯಿಲೆಯಾಗಲಿ ಬೇಡ.

ಖರ್ಚು ನೆನಪಿನ ಮೇಲೆ ಹೇಳುವುದಾದರೆ, ಟ್ಯಾಬ್ ರೂ. 10,000 ಒಳಗೆ, ಪವರ್ ಬ್ಯಾಂಕ್ ಸಾವಿರದ ಮೇಲೆ, ಕರೆಗೆ ಪೈಸೆ ಲೆಕ್ಕ. ಮಾತಿಗೆ ಕೊಡುವ ದುಡ್ಡೇ ಅರ್ಧಕ್ಕಿಂತ ಹೆಚ್ಚು, ಅಲ್ಲಿ ಉಳಿಸಲು ಹೋಗಬೇಡಿ. ಏಪ್ರಿಲ್, ಮೇ ಬಿಸಿಲಲ್ಲಿ ಹನ್ನೊಂದು ಗಂಟೆ ಮೇಲೆ ಟ್ಯಾಬ್ ಕಾದು ಚಾರ್ಜ್ ಹಿಡಿಯುವುದಿಲ್ಲ. ಬೆಳಿಗ್ಗೆ ಏಳಕ್ಕೇ ಹೊರಡಬೇಕು.

ಗುಳೆ ಹೊರಡುವವರಿಗೆ ಕಾಗದದ ಕಾರ್ಡಿನ ಹಿಂದೆ ಕೊನೆಯ ಬಿಪಿ, ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ ಅಂತ ಪೆನ್ನಿನಲ್ಲೇ ಬರೆದು ಕೊಡುತ್ತೇವೆ. ಬೆಂಗಳೂರಿನ ಡಾಕ್ಟರ್ ಮೊದಲು ನೋಡುವುದು ಅದನ್ನೇ. ಮೂರನೇ ಪ್ರಶ್ನೆಗೆ ಬೇಡ ಅಂದವರೂ ಇದನ್ನು ಖುಷಿಯಿಂದ ಇಸ್ಕೊಳ್ಳುತ್ತಾರೆ, ಯಾರಿಗೆ ತೋರಿಸಬೇಕೆಂಬುದು ಅವರ ಕೈಯಲ್ಲೇ ಉಳಿಯುತ್ತದಲ್ಲ.

ಹೈರಿಸ್ಕ್ ಗರ್ಭಿಣಿಯರ ಪಟ್ಟಿಯ ಫೋಟೋ ನಮ್ಮ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುವುದನ್ನು ಪೂರ್ತಿ ನಿಲ್ಲಿಸಲು ಇನ್ನೂ ಆಗಿಲ್ಲ. ಸದ್ಯ ಕಾರ್ಡ್ ನಂಬರ್ ಮಾತ್ರ ಹಾಕಬೇಕೆಂಬ ಕಟ್ಟು, ಜೊತೆಗೆ 24 ಗಂಟೆಗೆ ಅಳಿಯುವ ಸೆಟ್ಟಿಂಗ್. ಗ್ಯಾಲರಿಗೆ ಫೋಟೋ ತಾನಾಗಿ ಇಳಿಯುವುದನ್ನು ಪ್ರತಿ ಫೋನಿನಲ್ಲೂ ಕೂತು ಆಫ್ ಮಾಡಬೇಕು, ಅವರು ಹೊಸ ಫೋನ್ ತಗೊಂಡರೆ ಮತ್ತೆ ಮಾಡಬೇಕು.