ಸಣ್ಣ ಹಳ್ಳವೊಂದರ ನಕ್ಷೆ ಮಾಡಿದ ನನ್ನ ಅನುಭವ

ನಕ್ಷೆ ಬರೆಯಲು ಕೂತಾಗ ನಾನು ಮೊದಲು ಎಳೆದದ್ದು ಹಳ್ಳವನ್ನು ಸುತ್ತುವರಿದ ಏಣುಗಳ ಗೆರೆ. ನೀರಿನ ಗೆರೆ ಬಂದದ್ದು ಆಮೇಲೆ. ಬಿದ್ದ ಮಳೆ ಈಚೆ ಇಳಿಯಬೇಕೋ ಆಚೆ ಇಳಿಯಬೇಕೋ ಎಂದು ನಿರ್ಧರಿಸುವುದು ಏಣು; ಅದರೊಳಗಿನ ಇಳಿಜಾರೆಲ್ಲ ಸೇರಿ ಹಳ್ಳದ ಜಲಾನಯನ. 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಅಷ್ಟು ಚಿಕ್ಕದರಲ್ಲೂ ಸಮೋನ್ನತಿ ರೇಖೆಗಳು, ಎಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ದಾರಿ ತೋರಿಸುತ್ತವೆ. ಕಣಿವೆ ಇದ್ದಲ್ಲಿ ರೇಖೆ ಚೂಪಾಗಿ ಮಡಚಿಕೊಂಡು ಅದರ ಮೊನೆ ಎತ್ತರದ ಕಡೆಗೆ ಮುಖ ಮಾಡಿರುತ್ತದೆ. ಏಣು ಇದ್ದಲ್ಲಿ ಮೊನೆ ತಗ್ಗಿನ ಕಡೆಗಿರುತ್ತದೆ. ಇದೊಂದು ಕಣ್ಣಿಗೆ ಅಭ್ಯಾಸವಾದರೆ ನಕ್ಷೆಯಲ್ಲಿ ನೀಲಿ ಗೆರೆಯೇ ಇಲ್ಲದ ಕಿರುತೊರೆಗಳನ್ನೂ ಕಂಡುಹಿಡಿಯಬಹುದು. ನಾನು ಅಂಥ ಹಲವನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿಕೊಂಡು, ನಂತರ ನಡೆದು ಹೋಗಿ ಖಚಿತ ಮಾಡಿಕೊಂಡೆ.

ತೊರೆಗಳಿಗೆ ದರ್ಜೆ ಕೊಡುವ ಕೆಲಸವನ್ನೂ ಆಗಲೇ ಮುಗಿಸಿದೆ. ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1945ರಲ್ಲಿ ಮಂಡಿಸಿ, ಮುಂದೆ ಭೂರೂಪವಿಜ್ಞಾನಿ ಆರ್ಥರ್ ಸ್ಟ್ರಾಹ್ಲರ್ ತಿದ್ದಿದ ಕ್ರಮ ಇದಕ್ಕೆ ಸಾಕು. ಉಪತೊರೆಯೇ ಇಲ್ಲದ ತುದಿಗಾಲುವೆ ಒಂದನೇ ದರ್ಜೆ. ಅಂಥ ಎರಡು ಕೂಡಿದರೆ ಎರಡನೇ ದರ್ಜೆ. ಎರಡನೇ ದರ್ಜೆಯದಕ್ಕೆ ಒಂದನೆಯದು ಎಷ್ಟೇ ಸೇರಿದರೂ ಅದು ಎರಡನೆಯದಾಗಿಯೇ ಉಳಿಯುತ್ತದೆ. ನಾನು ಹಿಡಿದ ಹಳ್ಳ ಬಹುದೂರದವರೆಗೆ ಎರಡನೇ ದರ್ಜೆಯದು.

ನೀರು ಕಡಿಮೆ ಇರುವ ಕಾಲದಲ್ಲಿ ನಡೆದೆ. ಕೆಳಗಿನಿಂದ ಮೇಲಕ್ಕೆ ನಡೆಯುವುದು ಒಳ್ಳೆಯದು. ಕಾಲು ಕಲಕಿದ ಕೆಸರು ಹಿಂದಕ್ಕೆ ಹೋಗುತ್ತದೆ, ಮುಂದಿನ ನೀರು ತಿಳಿಯಾಗಿಯೇ ಇರುತ್ತದೆ. ಹಳ್ಳದ ತಳವನ್ನು ಓದಲು ಬಂದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕೆಲಸದಲ್ಲಿ ನನಗೆ ಮನದಟ್ಟಾದ ಮುಖ್ಯ ಸಂಗತಿ ಅದೇ. ದಿನನಿತ್ಯ ಕಾಣುವ ತೆಳು ನೀರು ಹಳ್ಳಕ್ಕೆ ಅದರ ರೂಪ ಕೊಟ್ಟಿಲ್ಲ. ಅದರ ಅಗಲ, ತಿರುವು, ಮಡು, ಮರಳದಿಣ್ಣೆ ಇವನ್ನೆಲ್ಲ ಮುಖ್ಯವಾಗಿ ರೂಪಿಸಿದ್ದು ಎರಡೂ ದಡ ತುಂಬಿ ಓಡುವ ನೀರು. ಅನೇಕ ನದಿತೊರೆಗಳಲ್ಲಿ ಅಂಥ ಹರಿವು ಸರಾಸರಿ ಒಂದೆರಡು ವರ್ಷಕ್ಕೊಮ್ಮೆ ಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹಳ್ಳಕ್ಕೆ ಇಳಿದವರು ಹುಡುಕಬೇಕಾದದ್ದು ಆ ತುಂಬುಹರಿವು ಬಿಟ್ಟುಹೋದ ಗುರುತುಗಳನ್ನು.

ಗುರುತುಗಳೇನೋ ಧಾರಾಳವಾಗಿವೆ. ಕಡಿದಾದ ದಡ ಇದ್ದಕ್ಕಿದ್ದಂತೆ ಸಮತಟ್ಟಾಗುವ ಜಾಗ, ತಿರುವಿನ ಒಳಮಗ್ಗುಲಿನ ದಿಣ್ಣೆಯ ನೆತ್ತಿ, ಬರಿಯ ಜಲ್ಲಿ ಮುಗಿದು ನುಣ್ಣನೆ ಮೆಕ್ಕಲು ಶುರುವಾಗುವ ಮಟ್ಟ, ಬಹುವಾರ್ಷಿಕ ಗಿಡಗಳು ಬೇರೂರಲು ಧೈರ್ಯ ಮಾಡಿದ ಕೆಳಗಡಿ. ಒಂದನ್ನೇ ನಂಬಬಾರದು. ಮೂರ್ನಾಲ್ಕು ಗುರುತು ಒಂದೇ ಎತ್ತರಕ್ಕೆ ಬಂದರೆ ಅದನ್ನು ತುಂಬುಮಟ್ಟ ಎಂದು ಬರೆದುಕೊಳ್ಳುತ್ತಿದ್ದೆ. ಕೊಂಬೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ಮಾತ್ರ ಬೇರೆ ಲೆಕ್ಕ. ಅದು ದಡ ಮೀರಿ ಬಂದ ಪ್ರವಾಹವನ್ನೂ ಹೇಳುತ್ತಿರಬಹುದು.

ತುಂಬುಮಟ್ಟದಲ್ಲಿ ಹಳ್ಳದ ಅಗಲ ಸುಮಾರು 3 ಮೀಟರ್ ಬಂತು. ಈ ಒಂದು ಅಳತೆಯಿಂದ ಎಷ್ಟೋ ವಿಷಯ ಬಿಚ್ಚಿಕೊಳ್ಳುತ್ತದೆ. ಜಲ್ಲಿತಳದ ತೊರೆಗಳಲ್ಲಿ ಆಳದ ಮಡುವೂ ಕಲ್ಲುಗಳ ಮೇಲೆ ನೊರೆಯಾಡುವ ರಿಫಲ್ಲೂ ಸರದಿಯಂತೆ ಬರುತ್ತವೆ. ಒಂದು ಮಡುವಿನಿಂದ ಮುಂದಿನ ಮಡುವಿಗೆ ಇರುವ ದೂರ ಸಾಮಾನ್ಯವಾಗಿ ಹಳ್ಳದ ಅಗಲದ ಐದರಿಂದ ಏಳು ಪಟ್ಟು. ಹಾಗಾದರೆ ಇಲ್ಲಿ 15ರಿಂದ 21 ಮೀಟರ್ ಆಗಬೇಕು. ಟೇಪ್ ಹಿಡಿದು ಅಳೆದಾಗ ನೇರವಾಗಿಯೂ ಹದವಾಗಿಯೂ ಇಳಿಯುವ ಭಾಗಗಳಲ್ಲಿ ಹೆಚ್ಚಿನವು ಆ ಮಿತಿಯಲ್ಲೇ ಇದ್ದವು. ಬಂಡೆ ತಲೆ ಎತ್ತಿದಲ್ಲಿ, ಮರ ಅಡ್ಡ ಬಿದ್ದಲ್ಲಿ ಲೆಕ್ಕ ಬದಲಾಗುತ್ತಿತ್ತು. ಬಿದ್ದ ಮರದ ದಿಮ್ಮಿಯ ಕೆಳಗೆ ನೀರು ಧುಮುಕಿ ತನ್ನದೇ ಮಡು ತೋಡಿಕೊಂಡಿತ್ತು, ಮೇಲ್ಗಡೆ ಜಲ್ಲಿಯ ಮೆಟ್ಟಿಲು ಕಟ್ಟಿತ್ತು. ಹಳ್ಳ 'ಸ್ವಚ್ಛ' ಮಾಡುವ ನೆಪದಲ್ಲಿ ಇಂಥ ಮರವನ್ನು ಎಳೆದುಹಾಕುವುದು ನನಗೆ ಸಂಕಟದ ಸಂಗತಿ. ಸೇತುವೆಗೋ ಮೋರಿಗೋ ಅಪಾಯವಿಲ್ಲದಿದ್ದರೆ ಅದು ಅಲ್ಲೇ ಇರಲಿ.

ತಿರುವುಗಳಲ್ಲಿ ಹೆಚ್ಚು ಹೊತ್ತು ನಿಂತೆ. ನೀರು ಬಾಗುವಾಗ ಮೇಲ್ಪದರ ಹೊರದಂಡೆಗೆ ತಳ್ಳಲ್ಪಡುತ್ತದೆ, ತಳದ ನೀರು ಒಳದಂಡೆಯ ಕಡೆ ಸರಿಯುತ್ತದೆ. ಹೀಗೆ ತಿರುಚಿಕೊಂಡು ಮುಂದೆ ಹೋಗುವ ಹರಿವು ಹೊರಗಿನ ದಡವನ್ನು ಕೊರೆದು, ಒಳಗಿನ ಮಗ್ಗುಲಲ್ಲಿ ಮರಳು ಜಲ್ಲಿ ಪೇರಿಸುತ್ತದೆ. ಕೊರೆದ ದಡ ಹಳ್ಳದ ದಫ್ತರ ಇದ್ದಂತೆ. ಅಲ್ಲೊಂದು ಕಡೆ ತೊಡೆಯೆತ್ತರದ ಮಣ್ಣುಗೋಡೆ ಸಿಕ್ಕಿತು. ಕೆಳಗೆ ಉರುಟುಕಲ್ಲಿನ ಪದರ, ಅದರ ಮೇಲೆ ಒರಟು ಮರಳು, ಅದರ ಮೇಲೆ ಬೆರಳಿಗೆ ಹಿಟ್ಟಿನಂತೆ ತಗಲುವ ಹೂಳು, ಮತ್ತೆ ತೆಳುವಾದ ಜಲ್ಲಿಯ ಗೆರೆ. ಈಗ ದಡವಾಗಿರುವ ಆ ಜಾಗ ಒಂದು ಕಾಲದಲ್ಲಿ ಹಳ್ಳದ ತಳವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಉರುಟುಕಲ್ಲುಗಳಲ್ಲಿ ಚಪ್ಪಟೆಯಾದವು ಒಂದರ ಮೇಲೊಂದು ಒರಗಿಕೊಂಡು, ಎಲ್ಲವೂ ನೀರು ಬಂದ ದಿಕ್ಕಿಗೇ ಇಳಿಜಾರಾಗಿದ್ದವು. ಹರಿವಿನ ಒತ್ತಡಕ್ಕೆ ಕಲ್ಲು ಗಟ್ಟಿಯಾಗಿ ಕೂರುವುದು ಹಾಗೆಯೇ. ಒಣಗಿದ ಹಳೆಯ ಪಾತ್ರ ಸಿಕ್ಕರೂ ನೀರು ಯಾವ ಕಡೆಗೆ ಓಡುತ್ತಿತ್ತು ಎಂದು ಈ ಒರಗುವಿಕೆಯಿಂದ ಹೇಳಬಹುದು.

ತಳದ ಕಲ್ಲುಗಳನ್ನು ಎಣಿಸಲು ನದಿಗಳ ಅಧ್ಯಯನಕಾರ ಗಾರ್ಡನ್ ವೋಲ್ಮನ್ 1954ರಲ್ಲಿ ಪ್ರಕಟಿಸಿದ ವಿಧಾನ ಬಳಸಿದೆ. ಹೆಜ್ಜೆ ಹಾಕುತ್ತ, ತಳದ ಕಡೆ ನೋಡದೆ ಕೈಯಿಳಿಸಿ, ಬೆರಳಿಗೆ ಮೊದಲು ತಾಕಿದ ಕಲ್ಲನ್ನೇ ಎತ್ತಬೇಕು. ನೋಡಿದರೆ ಕೈ ದೊಡ್ಡ ಕಲ್ಲಿಗೇ ಹೋಗುತ್ತದೆ. ಅದರ ಉದ್ದವನ್ನೂ ದಪ್ಪವನ್ನೂ ಬಿಟ್ಟು ನಡುವಣ ಅಕ್ಷ ಅಳೆಯಬೇಕು. ಹೀಗೆ ನೂರು ಕಲ್ಲು. 2 ಮಿಲಿಮೀಟರಿಗಿಂತ ಸಣ್ಣದು ಮರಳು ಅಥವಾ ಹೂಳು, 64ರವರೆಗೆ ಜಲ್ಲಿ, 256ರವರೆಗೆ ಉರುಟುಕಲ್ಲು, ಅದರಾಚೆ ಗುಂಡು. ರಿಫಲ್ ಒಂದರಲ್ಲಿ ಮರಳು ಹೂಳಿನ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಮೇಲೆಲ್ಲೋ ಮಣ್ಣು ಸಡಿಲವಾಗಿ ಕೊಚ್ಚಿ ಬರುತ್ತಿದೆ ಎಂದು ಅನುಮಾನಿಸಬೇಕು.

ಹರಿವು ಅಳೆಯುವುದಕ್ಕೆ ಯಂತ್ರವೇ ಬೇಕಿಲ್ಲ. ಸರಾಸರಿ 1.2 ಮೀಟರ್ ಅಗಲ, 15 ಸೆಂಟಿಮೀಟರ್ ಆಳದ ನೇರ ಭಾಗದಲ್ಲಿ ಅರ್ಧ ಮುಳುಗುವ ತೇಲುವಸ್ತು ಬಿಟ್ಟೆ. 10 ಮೀಟರ್ ದಾಟಲು 25 ಸೆಕೆಂಡು. ಎಂದರೆ ಸೆಕೆಂಡಿಗೆ 0.4 ಮೀಟರ್. ತಳದ ಉಜ್ಜಾಟದಿಂದ ಒಳಗಿನ ನೀರು ನಿಧಾನವಾಗಿರುವುದರಿಂದ ಇದನ್ನು 0.85ರಿಂದ ಗುಣಿಸುವುದು ರೂಢಿ. ಅಡ್ಡಕೊಯ್ತದ ವಿಸ್ತೀರ್ಣದೊಂದಿಗೆ ಗುಣಿಸಿದಾಗ ಸೆಕೆಂಡಿಗೆ ಸುಮಾರು 61 ಲೀಟರ್ ಬಂತು.

ಮೂಲದ ಹತ್ತಿರ ಹೋದಂತೆ ಹಳ್ಳ ಜವುಗಾಗುತ್ತದೆ. ನೀರು ಇಂಗುವ ಮಣ್ಣು ಕೆಳಗಿನ ಜೇಡಿಗೆ ತಾಗಿದ ಅಂಚಿನಲ್ಲಿ ಒರತೆ ಜಿನುಗುತ್ತಿತ್ತು. ಮಳೆಗಾಲದಲ್ಲಿ ಹರಿವು ಶುರುವಾಗುವ ಜಾಗ ಮೇಲಕ್ಕೆ ಏರುತ್ತದೆ, ಬೇಸಿಗೆಯಲ್ಲಿ ಕೆಳಗೆ ಸರಿಯುತ್ತದೆ. ಅದಕ್ಕೇ ನಕ್ಷೆಯಲ್ಲಿ ಎರಡು ಮೂಲ ಗುರುತಿಸಿದೆ. ಅಲ್ಲಿ ನಿಂತ ನೀರಿನ ಮೇಲೆ ಎಣ್ಣೆಯಂಥ ಪೊರೆ, ತಳದಲ್ಲಿ ಕಿತ್ತಳೆ ಬಣ್ಣದ ಲೋಳೆ. ಕಡ್ಡಿಯಿಂದ ಕಲಕಿದಾಗ ಪೊರೆ ಚೂರುಚೂರಾಗಿ ಒಡೆದು ಹಾಗೇ ಉಳಿಯಿತು. ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ ಹೀಗೆ ಒಡೆಯುತ್ತದೆ. ನಿಜವಾದ ಎಣ್ಣೆಯಾದರೆ ಸುಳಿದು ಮತ್ತೆ ಕೂಡಿಕೊಳ್ಳುತ್ತಿತ್ತು.

ಜೀವಿಗಳ ಬಗ್ಗೆ ಪ್ರತ್ಯೇಕ ದಾಖಲೆ ಮಾಡುತ್ತಿರುವುದರಿಂದ ಇಲ್ಲಿ ಸ್ವಲ್ಪವೇ. ರಿಫಲ್ಲಿನ ಕಲ್ಲು ಮಗುಚಿದರೆ ಹೊಟ್ಟೆಯ ಅಂಚಿನಲ್ಲಿ ಕಿವಿರು ಬಡಿಯುವ ಮೇಫ್ಲೈ ಮರಿಗಳು, ಮರಳುಕಣ ಅಂಟಿಸಿ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳುಗಳು ಕಾಣುತ್ತವೆ. ಆಮ್ಲಜನಕ ಚೆನ್ನಾಗಿರುವ ನೀರಿನಲ್ಲೇ ಇವುಗಳಲ್ಲಿ ಬಹುತೇಕ ಜಾತಿಗಳು ಬದುಕುವುದು. ನೋಡಿದ ಮೇಲೆ ಕಲ್ಲನ್ನು ಅದೇ ಮಗ್ಗುಲಿಗೆ, ಅದೇ ಜಾಗಕ್ಕೆ ಇಡಬೇಕು. ಮರದ ನೆರಳು ದಟ್ಟವಾಗಿರುವ ತುದಿತೊರೆಯಲ್ಲಿ ಆಹಾರದ ಬಹುಪಾಲು ಬರುವುದು ಉದುರಿದ ಎಲೆಯಿಂದ. ದಡದ ಮರ ಕಡಿದರೆ ಮಣ್ಣು ಸಡಿಲವಾಗುವುದರ ಜೊತೆಗೆ ನೀರೊಳಗಿನ ಊಟವೂ ನಿಂತುಹೋಗುತ್ತದೆ.

ಕೊನೆಗೆ ಮೂರು ಕಡೆ ಎರಡೂ ದಡದ ಮೇಲೆ, ತುಂಬುಮಟ್ಟಕ್ಕಿಂತ ಮೇಲೆ, ಕಬ್ಬಿಣದ ಸರಳು ಹೂತೆ. ಸರಳಿಂದ ಸರಳಿಗೆ ದಾರ ಬಿಗಿದು, ಮಟ್ಟ ನೋಡಿ, ಪ್ರತಿ 20 ಸೆಂಟಿಮೀಟರಿಗೆ ದಾರದಿಂದ ತಳದವರೆಗಿನ ಅಂತರ ಬರೆದುಕೊಂಡೆ. ಸರಳಿನ ತಲೆಗೆ ಬಣ್ಣ ಬಳಿದಿದ್ದೇನೆ, ಪಕ್ಕದ ಬಂಡೆಯಿಂದ ಅದರ ದೂರ ನಕ್ಷೆಯಲ್ಲಿದೆ. ದೊಡ್ಡ ಹರಿವು ಇಳಿದ ಮೇಲೆ ಅದೇ ದಾರ, ಅದೇ ಅಂತರದಲ್ಲಿ ಮತ್ತೆ ಅಳೆದರೆ ತಳ ಎಲ್ಲಿ ಕೊರೆಯಿತು, ಎಲ್ಲಿ ತುಂಬಿತು ಎಂಬುದು ಸೆಂಟಿಮೀಟರಿನಲ್ಲಿ ಸಿಗುತ್ತದೆ.