ಹಡ್ಸನ್ ಅಂದ್ರೆ ಯಾರ ಮಗ?

ಬೆಂಗಳೂರಿನ ಹಡ್ಸನ್ ಸರ್ಕಲ್ ಎಲ್ಲರಿಗೂ ಗೊತ್ತು. ಅಲ್ಲಿನ ಹಡ್ಸನ್ ಚರ್ಚಿಗೆ ಹೆಸರು ಬಂದದ್ದು ಜೋಸಿಯಾ ಹಡ್ಸನ್ ಅವರಿಂದ. ಇಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಮಿಷನರಿ ಅವರು. ಇಂಗ್ಲಿಷ್ ಹೆಸರುಗಳ ಬೇರು ಹುಡುಕುವುದು ನನಗೆ ತುಂಬಾ ಇಷ್ಟ. ಹುಡುಕುವ ದಾರಿಯನ್ನು ಇದೇ ಹೆಸರು ಹಿಡಿದು ಹೇಳುತ್ತೇನೆ.

ಮೊದಲು ಮನೆಹೆಸರಿನ ಕೊನೆ ನೋಡಿ. 'ಟನ್', 'ಲಿ', 'ಬಿ' ಇದ್ದರೆ ಹೆಚ್ಚಾಗಿ ಅದು ಊರಿನ ಹೆಸರು. ಸಟನ್ ಅಂದರೆ ತೆಂಕಣ ದಿಕ್ಕಿನ ಹಳ್ಳಿ. 'ಬಿ' ಕಂಡರೆ ಡೆನ್ಮಾರ್ಕ್ ಕಡೆಯಿಂದ ಬಂದ ಡೇನರು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಸೀಮೆ ನೆನಪಿಗೆ ಬರಬೇಕು. ಸ್ಮಿತ್, ಕೂಪರ್ ಥರದವು ಕಸುಬಿನ ಹೆಸರುಗಳು: ಒಬ್ಬ ಕಮ್ಮಾರ, ಇನ್ನೊಬ್ಬ ಮರದ ಪೀಪಾಯಿ ಮಾಡುವವನು.

'ಸನ್' ಇದ್ದರೆ ಮುಂದಿರುವುದು ಸಾಮಾನ್ಯವಾಗಿ ಅಪ್ಪನ ಹೆಸರು. ಹಾಗಾದರೆ ಈ 'ಹಡ್' ಯಾರು? ನನಗೆ ಜಾಸ್ತಿ ಖುಷಿ ಕೊಡುವ ಭಾಗ ಇದೇ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ನಾರ್ಮನ್ನರು ದಂಡೆತ್ತಿ ಬಂದ ಮೇಲೆ ಇಂಗ್ಲೆಂಡಿನಲ್ಲಿ ವಿಲಿಯಂ, ರಾಬರ್ಟ್, ರಿಚರ್ಡ್ ಹೆಸರುಗಳು ಬೇರೂರಿದವು. ಒಂದೇ ಊರಲ್ಲಿ ಹತ್ತಾರು ರಾಬರ್ಟರು! ಜನ ಕರೆಯುತ್ತಿದ್ದದ್ದು ಮುದ್ದು ಹೆಸರಿನಿಂದ, ನಾವು ವೆಂಕಟೇಶನನ್ನು ವೆಂಕಿ ಅನ್ನುವ ಹಾಗೆ. ಅವರು ಮೊದಲ ಅಕ್ಷರವನ್ನೂ ಬದಲಾಯಿಸುತ್ತಿದ್ದರು. ರಾಬ್ ಹೋಗಿ ಹಾಬ್, ಡಾಬ್ ಆಯಿತು. ಹಾಬ್ಸನ್, ಡಾಬ್ಸನ್ ಬಂದದ್ದು ಅಲ್ಲಿಂದ. ಹಡ್ ಅಂದರೆ ಹ್ಯೂ ಎಂಬ ಹೆಸರಿನ ಮುದ್ದು ರೂಪ. ರಿಚರ್ಡನನ್ನೂ ಹಾಗೆ ಕರೆದದ್ದುಂಟು. ಒಂದೇ ಉತ್ತರ ಬೇಕೆಂದು ಹಟ ಹಿಡಿಯಬೇಡಿ, ಎರಡನ್ನೂ ಬರೆದಿಡಿ. ಹಾಡ್ಜ್‌ಸನ್ ಮಾತ್ರ ಬೇರೆ, ಅದು ರೋಜರನ ಮಗನ ಹೆಸರು. ಬರೀ ಸದ್ದು ಕೇಳಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ.

ಆಮೇಲೆ ಹಳೆಯ ಕಾಗುಣಿತ ಹುಡುಕಿ. ಇಂಗ್ಲೆಂಡಿನ ಚರ್ಚುಗಳು ಮದುವೆ, ದೀಕ್ಷಾಸ್ನಾನ, ಸಾವು ಬರೆದಿಡಬೇಕೆಂದು ಆಜ್ಞೆ ಆದದ್ದು 1538ರಲ್ಲಿ. ಆ ಪುಸ್ತಕಗಳಲ್ಲಿ ಒಂದೇ ಮನೆಯವರ ಹೆಸರು ಬೇರೆ ಬೇರೆ ಥರ ಕಾಣುತ್ತದೆ. 1881ರ ಜನಗಣತಿಯಿಂದ ಮಾಡಿದ ನಕ್ಷೆಗಳನ್ನೂ ನೋಡಿ. ಒಂದು ಮನೆಹೆಸರು ಯಾವ ಸೀಮೆಯಲ್ಲಿ ದಟ್ಟವಾಗಿತ್ತು ಎಂದು ಗೊತ್ತಾಗುತ್ತದೆ. 'ಸನ್' ಹೆಸರುಗಳು ಉತ್ತರ ಇಂಗ್ಲೆಂಡಿನ ಕಡೆ ಜಾಸ್ತಿ.

ಮೊದಲ ಹೆಸರಿನ ಕಥೆ ಬೇರೆಯೇ, ಎರಡನ್ನೂ ಬೆರೆಸಬೇಡಿ. ಜೋಸಿಯಾ ಹೀಬ್ರೂ ಹೆಸರು. ಕನ್ನಡ ಬೈಬಲ್ ಓದಿದವರಿಗೆ ಇವನು ಯೋಷೀಯ, ಯೆಹೂದದ ಅರಸ. 'ಯೆಹೋವನ ಆಸರೆ' ಎಂಬಂಥ ಅರ್ಥ. ಹಳೆಯ ಒಡಂಬಡಿಕೆಯ ಇಂಥ ಹೆಸರುಗಳು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು ಮುಖ್ಯವಾಗಿ 16ನೇ ಶತಮಾನದ ಧರ್ಮಸುಧಾರಣೆಯ ನಂತರ, ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರ ನಡುವೆ.

'ನಿಮ್ಮ ಮನೆಹೆಸರಿನ ಲಾಂಛನ' ಎಂದು ಮಾರುವ ಚೌಕಟ್ಟುಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುತ್ತಿದ್ದದ್ದು ಒಬ್ಬ ವ್ಯಕ್ತಿಗೆ. ಅವನ ವಂಶದವರಿಗೆ ಅದು ಇಳಿಯುತ್ತಿತ್ತೇ ಹೊರತು ಆ ಮನೆಹೆಸರಿನ ಎಲ್ಲರಿಗೂ ಅಲ್ಲ.